ಪರದೇಶದ ಬೆಂಚಿನ ಮೇಲೆ ನಮ್ಮ ಭಾವನ ಕಂಬಳಿ

ನಮ್ಮ ಅಕ್ಕನ ಮಗಳಷ್ಟು ಸೋಮಾರಿ ಆಟಗಾರ್ತಿ ಇಡೀ ಭಾರತ ದೇಶದಲ್ಲಿ ಇಲ್ಲವೆಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಫುಟ್‌ಬಾಲ್ ಎಂದರೆ ಓಡುವ ಆಟ. ಇಪ್ಪತ್ತು ಮಂದಿ ನಾಲಿಗೆ ಹೊರಗೆ ಹಾಕಿಕೊಂಡು ತೊಂಬತ್ತು ನಿಮಿಷ ಓಡುತ್ತಾರೆ. ಇವಳು ನಿಲ್ಲುತ್ತಾಳೆ! ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹಿಂದೊಂದು ಬಲೆ, ನಡುವೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಇವಳು. ಹೀಗೆ ನಿಂತು ನಿಂತೇ ತಾಲೂಕು ದಾಟಿದಳು, ಜಿಲ್ಲೆ ದಾಟಿದಳು, ರಾಜ್ಯ ದಾಟಿದಳು. ಹೋದ ವರ್ಷ ದೇಶವನ್ನೂ ದಾಟಿ ಭಾರತ ತಂಡದೊಂದಿಗೆ ವಿಮಾನ ಹತ್ತಿದಳು. ಅಷ್ಟು ದೂರ ಹೋಗಿ ಏನು ಮಾಡಿದಳು ಅಂತೀರಿ? ಕುಳಿತಳು! ಯಾಕೆಂದರೆ ಅವಳು ಎರಡನೆಯ ಗೋಲ್‌ಕೀಪರ್. ಮೊದಲನೆಯವಳಿಗೆ ಏನಾದರೂ ಆದರೆ ಮಾತ್ರ ಇವಳು ಏಳಬೇಕು. ನಿಲ್ಲುವ ಕೆಲಸದಿಂದ ಕೂರುವ ಕೆಲಸಕ್ಕೆ ಬಡ್ತಿ! ಇಂಥ ನೌಕರಿ ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ನನಗಂತೂ ಸಿಕ್ಕಿಲ್ಲ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹದಿಮೂರನೇ ವಯಸ್ಸಿಗೆ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಗುಡಿಸಲು ನಿಂತೆ. ಈಗ ಅದೇ ಮಚ್ಛೆಯಲ್ಲಿ ನನ್ನದೇ ಎರಡು ಲೇಥ್ ಮಷೀನು ತಿರುಗುತ್ತವೆ. ಮೂವತ್ತೆರಡು ವರ್ಷದಲ್ಲಿ ಲೇಥಿಗೆ ಕಟ್ಟಿದ ಒಂದೇ ಒಂದು ಜಾಬು ಕೆಡಿಸಿಲ್ಲ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಗಿರಾಕಿಗಳು ಹೇಳುತ್ತಾರೆ. ಆಯಿತು, ನಾನೂ ಹೇಳುತ್ತೇನೆ.

ಈಗ ಇವಳ ಕಥೆ. ಖಾನಾಪುರ ತಾಲೂಕಿನ ಬೀಡಿ ಊರಿಗೆ ನಮ್ಮ ಅಕ್ಕನನ್ನು ಕೊಟ್ಟಿದ್ದೇವೆ. ಭಾವನದು ಕುರಿಗಳ ಮನೆ. ನಾವೂ ಅದೇ ಪೈಕಿಯವರೇ, ಆದರೆ ನಮ್ಮಪ್ಪ ಕುರಿ ಮಾರಿ ಮಚ್ಛೆಯ ಕಾರ್ಖಾನೆ ಸೇರಿದ್ದರಿಂದ ನನಗೆ ಕುರಿಯ ವಿದ್ಯೆ ಅರ್ಧಕ್ಕರ್ಧ ಮರೆತುಹೋಗಿದೆ. ಭಾವನಿಗೆ ಮಾತ್ರ ಪೂರಾ ಇದೆ. ಸಂಜೆ ಮಂದೆ ತಿರುಗಿ ಬಂದಾಗ ಕುರಿಗಳನ್ನು ಒಂದೊಂದಾಗಿ ಎಣಿಸಿ ದೊಡ್ಡಿಯೊಳಗೆ ಬಿಡಬೇಕಲ್ಲ, ಆ ದೊಡ್ಡಿಯ ಬಾಯಿಗೆ ನಿಲ್ಲುವ ಕೆಲಸ ಐದು ವರ್ಷದ ಈ ಹುಡುಗಿಯದು. ಎರಡು ಗೂಟದ ನಡುವೆ ಕಾಲು ಅಗಲಿಸಿ ನಿಂತಳೆಂದರೆ ಮುಗಿಯಿತು. ಅಪ್ಪ "ಬಿಡು" ಎನ್ನುವವರೆಗೆ ಒಂದು ಮರಿಯೂ ದಾಟುವಂತಿಲ್ಲ. ಎಡಕ್ಕೆ ನುಸುಳಿದರೆ ಎಡಕ್ಕೆ ಬಿದ್ದಳು, ಬಲಕ್ಕೆ ನುಸುಳಿದರೆ ಬಲಕ್ಕೆ ಬಿದ್ದಳು, ಟಗರು ಎದೆಗೇ ಬಂದರೆ ಎರಡೂ ಕೈಯಿಂದ ಅಪ್ಪಿ ಹಿಡಿದಳು. ಮುಂದೆ ದೊಡ್ಡ ದೊಡ್ಡ ತರಬೇತುದಾರರು ಇವಳಿಗೆ ಏನು ಕಲಿಸಿದರೋ ನನಗೆ ತಿಳಿಯದು. ಮೊದಲ ಗುರು ಮಾತ್ರ ಕೊಂಬಿನ ಒಂದು ಟಗರು.

ಮಳೆಗಾಲ ಬಂತೆಂದರೆ ಖಾನಾಪುರದ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೇ ಭಾವ ಅಕ್ಕ ಇಬ್ಬರೂ ಮಂದೆ ಹೊಡೆದುಕೊಂಡು ಮೂಡಣದ ಬಯಲಿಗೆ ಹೋದರೆ ದೀಪಾವಳಿಗೆ ತಿರುಗಿ ಬರುವುದು. ಹುಡುಗಿಯ ಶಾಲೆ ಅರ್ಧ ವರ್ಷ ಬೀಡಿಯಲ್ಲಿ, ಅರ್ಧ ವರ್ಷ ದೇವರಲ್ಲಿ! ನಾನು ಒಮ್ಮೆ ಹೋಗಿ, "ಭಾವಾ, ಇಕಿನ್ನ ಮಚ್ಛೇಕ ಕರ್ಕೊಂಡ ಹೊಕ್ಕೀನ್ರಿ. ನಾ ಓದಲಿಲ್ಲ, ಇಕಿ ಓದಲಿ," ಎಂದೆ.

ಕುರಿಗಾರರಲ್ಲಿ ಒಂದು ಪದ್ಧತಿ ಇದೆ. ಮೇವು ಕಡಿಮೆಯಾದರೆ ತಮ್ಮ ಮರಿಯನ್ನು ಇನ್ನೊಬ್ಬರ ಹಟ್ಟಿಗೆ ಪಾಲಿಗೆ ಬಿಡುತ್ತಾರೆ. ಅವರು ಮೇಯಿಸಿ ದೊಡ್ಡದು ಮಾಡುತ್ತಾರೆ. ಪಾಲು ಮುಗಿದ ದಿನ ಒಡೆಯನು ಮೇಯಿಸಿದವನ ಹೆಗಲಿಗೆ ಒಂದು ಕಂಬಳಿ ಹೊದಿಸುತ್ತಾನೆ. ಭಾವ ಎಲೆಅಡಿಕೆ ಉಗುಳಿ ಹೇಳಿದ:

"ಆತು ತಮ್ಮಾ. ಪಾಲಿಗೆ ಬಿಟ್ಟೇನಿ ಅಂತ ತಿಳಕೊ. ಚಂದಂಗ ಮೇಯಸು."

"ಮೇಯಸ್ತೇನ್ರಿ. ಆದ್ರ ಉಣ್ಣೀ ಕತ್ತರಸಂಗಿಲ್ಲ," ಎಂದೆ ನಾನು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ದೊಡ್ಡಿಯ ಕಡೆ ನೋಡಿ, "ನಾ ಹ್ವಾದ್ರ ಇಲ್ಲಿ ಬಾಗಲಕ್ಕ ಯಾರ ನಿಂದರ್ತಾರ?" ಎಂದು ಕೇಳಿದಳು.

ಇನ್ನು ನನ್ನ ತಪ್ಪು. ಇದನ್ನು ನಡುವೆಯೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಕೊನೆಗೆ ಧೈರ್ಯ ಸಾಲುವುದಿಲ್ಲ. ಮಚ್ಛೆಯಲ್ಲಿ ಶಾಲೆಗೆ ಹೆಸರು ಹಚ್ಚುವ ದಿನ ಒಂದು ಫಾರ್ಮು ಕೊಟ್ಟರು. ಬೇರೆಯವರ ಕೈಲಿ ಬರೆಸಲು ನನಗೇನು ಕೈಯಿಲ್ಲವೇ? ಜೇಬಿನಿಂದ ಪೆನ್ನು ತೆಗೆದು ಠೀವಿಯಿಂದ ಬರೆದೆ. ಹೆಸರು ಬರೆದೆ, ಊರು ಬರೆದೆ, ಅಡ್ಡಹೆಸರು ಎಂಬ ಜಾಗ ಬಂತು. ಅಲ್ಲಿ ನನ್ನ ಅಡ್ಡಹೆಸರು ಬರೆದೆ! ಜೀವನದಲ್ಲಿ ತುಂಬಿದ ಎಲ್ಲ ಫಾರ್ಮಿಗೂ ಅದನ್ನೇ ಬರೆದ ಕೈ, ಅಭ್ಯಾಸಬಲದಿಂದ ಅದನ್ನೇ ಬರೆಯಿತು. ಭಾವನ ಮನೆತನದ ಹೆಸರು ಎಲ್ಲಿಯೂ ಬರಲಿಲ್ಲ. ಕೂದಲೆಳೆಯಷ್ಟು ತಪ್ಪದ ಮನುಷ್ಯ ಒಂದು ಇಡೀ ಮನೆತನವನ್ನೇ ತಪ್ಪಿಸಿದ್ದೆ.

ಅದು ಗೊತ್ತಾಗಿದ್ದು ಮೂರು ವರ್ಷದ ಮೇಲೆ, ತಾಲೂಕು ಪಂದ್ಯದ ಪ್ರಮಾಣಪತ್ರ ಬಂದಾಗ. ಅವಳೇ ತೋರಿಸಿದಳು.

"ಮಾಮಾ, ಇದು ನಿನ್ನ ಅಡ್ಡಹೆಸರಲ್ಲ?"

"ಹೌದಲ್ಲ! ತಿದ್ದಸೂಣು."

"ಯಾವಾಗ?"

"ಕೆಲಸಕ್ಕ ಸೂಟಿ ಸಿಕ್ಕಾಗ."

ಸೂಟಿ ಸಿಗಲಿಲ್ಲ. ಶಾಲೆಯ ಕಾಗದ ನೋಡಿ ಆಧಾರ್ ಆಯಿತು, ಆಧಾರ್ ನೋಡಿ ಪಾಸ್‌ಪೋರ್ಟ್ ಆಯಿತು, ಎಲ್ಲದರಲ್ಲೂ ನನ್ನದೇ ಹೆಸರು. ಸೂಟಿ ಸಿಗಲಿಲ್ಲ ಎನ್ನುವುದು ಖರೇ ಅಲ್ಲ. ಪೇಪರಿನಲ್ಲಿ ಅವಳ ಹೆಸರಿನ ಬಾಲಕ್ಕೆ ನನ್ನ ಮನೆತನ ಅಂಟಿಕೊಂಡಿರುವುದನ್ನು ನೋಡಿದರೆ ಏಳನೇ ಇಯತ್ತೆಯವನಿಗೆ ಒಳಗೊಳಗೇ ಏನೋ ಹಿತವಾಗುತ್ತಿತ್ತು. ಅಕ್ಕನಿಗೆ, ಭಾವನಿಗೆ ಓದಲು ಬರುವುದಿಲ್ಲ. ಹೇಳಬೇಕಾದವನು ನಾನೇ. ಹೇಳಲಿಲ್ಲ.

ಪಾಪ ಪರಿಹಾರಕ್ಕೋ ಏನೋ, ವರ್ಕ್‌ಶಾಪಿನ ಹಿಂದಿನ ಖಾಲಿ ಜಾಗದಲ್ಲಿ ಅವಳಿಗೊಂದು ಗೋಲ್ ಕಂಬ ಮಾಡಿಕೊಟ್ಟೆ. ಶಾಲೆಯ ಪಿ.ಟಿ. ಸರ್ ಈ ಹುಡುಗಿ ಚಂಡು ಬಿಡುವುದಿಲ್ಲ ಎಂದು ಗುರುತಿಸಿದ್ದರು. ಮನೆಯಲ್ಲೂ ಅಭ್ಯಾಸ ಆಗಲಿ ಎಂದು ನಾನು ಪೈಪು ತಂದು ಕತ್ತರಿಸಿ, ವೆಲ್ಡಿಂಗ್ ಮಾಡಿ, ಬಣ್ಣ ಹೊಡೆದೆ. ಎಡಗಂಬಕ್ಕೂ ಬಲಗಂಬಕ್ಕೂ ಎತ್ತರದಲ್ಲಿ ಒಂದು ಸೂತು ವ್ಯತ್ಯಾಸವಿಲ್ಲ! ಆದರೆ ಜಾಗ ಇದ್ದಷ್ಟೇ ಅಲ್ಲವೇ? ಗೋಡೆಯಿಂದ ಗೋಡೆಗೆ ಇಪ್ಪತ್ತಡಿ. ಕಂಬದಿಂದ ಕಂಬಕ್ಕೂ ಇಪ್ಪತ್ತಡಿ. ಅಸಲಿ ಗೋಲು ಇಪ್ಪತ್ನಾಲ್ಕು ಅಡಿ ಇರುತ್ತದೆಂದು ನನಗೆ ಯಾರು ಹೇಳಬೇಕು? ಮೊದಲ ಬಾರಿ ಬೆಳಗಾವಿಯ ದೊಡ್ಡ ಮೈದಾನದಲ್ಲಿ ನಿಂತವಳೇ ಅತ್ತಿತ್ತ ನೋಡಿ ಗ್ಯಾಲರಿಯಲ್ಲಿದ್ದ ನನಗೆ ಕೂಗಿದಳು: "ಮಾಮಾ! ಇಲ್ಲಿ ಯಾರೋ ಒಂದ ಬಾಜೂದ ಗೋಡಿ ಕೆಡವ್ಯಾರ!"

ಆ ದಿನ ಅವಳು ಒಂದೂ ಗೋಲು ಬಿಡಲಿಲ್ಲ. ಹೆಚ್ಚುವರಿ ನಾಲ್ಕಡಿಯನ್ನು ಓಡಿ ಓಡಿಯೇ ಮುಚ್ಚಿದಳು. ಬಹುಶಃ ಅವಳು ಓಡಿದ್ದು ಅದೊಂದೇ ದಿನ.

ಹೀಗೆ ವರ್ಷಗಳು ಹೋಗಿ ಭಾರತ ತಂಡಕ್ಕೆ ಆಯ್ಕೆಯಾದಳು. ಪಂದ್ಯಾವಳಿ ಒಂದು ಚಳಿ ದೇಶದಲ್ಲಿ. ಆ ಊರಿನ ಹೆಸರು ಹೇಳಲು ಹೋದರೆ ನನ್ನ ಬಾಯಿಯಲ್ಲಿ ಎಲೆಅಡಿಕೆ ಇದ್ದಂತಾಗುತ್ತದೆ, ಬಿಡಿ. ಹೊರಡುವ ಮೊದಲು ಅಪ್ಪ ಅವ್ವನಿಗೆ ನಮಸ್ಕಾರ ಮಾಡಲು ಬೀಡಿಗೆ ಹೋದೆವು. ಭಾವ ತನ್ನ ಹೆಗಲ ಮೇಲಿನ ಕರಿ ಕಂಬಳಿಯನ್ನು ತೆಗೆದು ಅವಳ ಕೈಗಿಟ್ಟ. ಮನೆಯ ಕುರಿಗಳ ಉಣ್ಣೆಯದೇ, ಅವನಪ್ಪನ ಕಾಲದ್ದು.

"ಅಲ್ಲಿ ಚಳಿ ಭಾಳ ಅಂತ. ಹೊಚ್ಚಿಕೊ. ಹೋದಂಗ ತಿರುಗಿ ಬರಬೇಕ ಅದು," ಎಂದ.

"ನಾನು?" ಎಂದಳು ಮಗಳು.

"ನೀ ಬಂದ್ರನ ಅದು ಬರ್ತೈತಿ. ಅದಕ್ಕೇನ ಕಾಲ ಅದಾವೇನು?"

ತಂಡದವರು ಅವಳಿಗೆ ಹತ್ತಿ ತುಂಬಿದ ದಪ್ಪ ಜಾಕೆಟ್ಟು ಕೊಟ್ಟಿದ್ದರು, ನಾನೂ ಹೇಳಿ ನೋಡಿದೆ. "ಜಾಕೆಟ್ಟಿಗೆ ಕುರಿ ವಾಸನಿ ಬರಂಗಿಲ್ಲ ಮಾಮಾ, ನಿದ್ದಿ ಹತ್ತಂಗಿಲ್ಲ," ಎಂದು ಕಂಬಳಿಯನ್ನು ಚೀಲಕ್ಕೆ ತುರುಕಿದಳು. ಮುಂದಿನದೆಲ್ಲ ಅವಳು ವೀಡಿಯೋ ಕಾಲಿನಲ್ಲಿ ಹೇಳಿದ್ದು. ಅದರಲ್ಲಿ ನಾನು ಸೇರಿಸಿದ್ದು ಸ್ವಲ್ಪವೇ.

ಮೊದಲನೆಯದು ಪರದೇಶದ ವಿಮಾನ ನಿಲ್ದಾಣ. ಅಲ್ಲಿ ಪೊಲೀಸರ ಒಂದು ನಾಯಿ ಎಲ್ಲರ ಚೀಲ ಮೂಸಿ ನೋಡುತ್ತದಂತೆ. ಇಡೀ ತಂಡವನ್ನು ಮೂಸಿ ಮುಂದೆ ಕಳಿಸಿದ ನಾಯಿ ಇವಳ ಚೀಲದ ಮುಂದೆ ಬಂದು ಕುಕ್ಕರಿಸಿತು. ಏಳಲೊಲ್ಲದು! ಪೊಲೀಸರು ಓಡಿ ಬಂದರು, ಚೀಲ ಬಿಚ್ಚಿಸಿದರು, ಒಳಗೆ ಕಂಬಳಿ. ನಾಯಿ ಕಂಬಳಿಯ ಮೇಲೆ ಮುಖವಿಟ್ಟು ಕಣ್ಣು ಮುಚ್ಚಿಬಿಟ್ಟಿತು. ಸಾಹೇಬ ಹಗ್ಗ ಜಗ್ಗಿದ, ಅವನ ಭಾಷೆಯಲ್ಲಿ ಬೈದ, ಬಿಸ್ಕೀಟು ತೋರಿಸಿದ, ಉಹೂಂ. ಕೊನೆಗೆ ನಮ್ಮವಳು ಬಗ್ಗಿ, "ಏ, ಸರೀ ಆಕಡೆ, ಮಂದಿ ನಿಂತಾರ!" ಎಂದು ಗದರಿಸಿದಳಂತೆ. ಥಟ್ಟನೆ ಎದ್ದು ಬಾಲ ಅಲ್ಲಾಡಿಸಿ ದಾರಿ ಬಿಟ್ಟಿತು.

"ಕನ್ನಡ ಹೆಂಗ ತಿಳೀತ ಅದಕ್ಕ?" ಎಂದು ನಾನು ಕೇಳಿದೆ.

"ಕನ್ನಡ ಅಲ್ಲ ಮಾಮಾ, ದನಿ. ಪಾಪ, ಕುರಿ ಕಾಯೂ ನಾಯಿ ಅದು. ಸರಕಾರಿ ನೌಕರಿ ಸಿಕ್ಕೈತಿ, ಏನ ಮಾಡ್ತೈತಿ?"

ಎರಡನೆಯದು ಹೋಟೆಲು. ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಮಲಗಿದವಳು ಒಳಗಿಳಿದು ಹೋದಳಂತೆ. ಬಾವಿಯಲ್ಲಿ ಮಲಗಿದಂತಾಗಿ ಕೆಳಗೆ ನೆಲಕ್ಕೆ ಕಂಬಳಿ ಹಾಸಿ ಮಲಗಿದಳು. ಬೆಳಿಗ್ಗೆ ಎದ್ದ ಕೋಣೆಯ ಜೊತೆಗಾತಿ, ಮಣಿಪುರದ ಹುಡುಗಿ, ಇವಳು ಬಿದ್ದಳೆಂದು ಹೆದರಿ ಡಾಕ್ಟರನ್ನು ಕರೆತಂದಳು! ಮೂರನೆಯ ದಿನಕ್ಕೆ ಆ ಹುಡುಗಿಯೂ ನೆಲಕ್ಕೆ. ಐದನೆಯ ದಿನ ಬಾಜೂ ಕೋಣೆಯ ಇಬ್ಬರು ಬಂದು, "ಸ್ವಲ್ಪ ಸರಿ," ಎಂದರಂತೆ. ಪರದೇಶದ ಅಷ್ಟು ದೊಡ್ಡ ಹೋಟೆಲಿನಲ್ಲಿ ನಾಲ್ಕು ಹಾಸಿಗೆ ಖಾಲಿ, ಒಂದು ಕಂಬಳಿ ಭರ್ತಿ.

ಊಟದ ವಿಚಾರಕ್ಕೆ ತಂಡದಲ್ಲಿ ಒಬ್ಬರು ಮೇಡಂ ಇದ್ದರು. ಆಟಗಾರರು ಏನು ತಿನ್ನಬೇಕು ಎನ್ನುವುದು ಅವರ ಕೈಯಲ್ಲಿ. ಉಪ್ಪಿಲ್ಲದ ಕೋಳಿ, ಖಾರವಿಲ್ಲದ ಸೊಪ್ಪು. ಹೊರಗಿನ ತಿನಿಸು ಬಂದ್. ನಮ್ಮಾಕೆ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯನ್ನು ಇವಳು ಪ್ರೋಟೀನ್ ಪುಡಿಯ ಡಬ್ಬಿಗೆ ಹಾಕಿಕೊಂಡು ಹೋಗಿದ್ದಳು. ಎರಡನೇ ದಿನವೇ ಸಿಕ್ಕಿಬಿದ್ದಳು.

"ಮೇಡಂ, ಶೇಂಗಾದಾಗ ಪ್ರೋಟೀನ್ ಇರಂಗಿಲ್ಲೇನ್ರಿ?" ಎಂದು ತನ್ನ ಬೆಳಗಾವಿ ಹಿಂದಿಯಲ್ಲಿ ಕೇಳಿದಳು.

ಮೇಡಂ ಡಬ್ಬಿ ಜಪ್ತಿ ಮಾಡಿದರು. ಪರೀಕ್ಷೆಗೆಂದು ಒಂದು ಚಿಟಿಕೆ ಬಾಯಿಗೆ ಹಾಕಿದರು. ಪರೀಕ್ಷೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಖಾಲಿ ಡಬ್ಬಿ ತಂದುಕೊಟ್ಟು, "ಇದನ್ನ ಹೆಂಗ ಮಾಡ್ತಾರ?" ಎಂದು ಕೇಳಿ ಬರೆದುಕೊಂಡು ಹೋದರಂತೆ!

ಇನ್ನು ಬೆಂಚು. ಮೊದಲ ಪಂದ್ಯದಲ್ಲಿ ನಮ್ಮವಳು ಕಂಬಳಿ ಹೊದ್ದು ಬೆಂಚಿನ ತುದಿಗೆ ಕುಳಿತಾಗ ಕೋಚ್ ಕೆಂಡವಾದರು. ಇದೇನು ಭಾರತ ತಂಡವೋ, ಸಂತೆಯೋ? ಎರಡನೆಯ ಪಂದ್ಯದಲ್ಲಿ ಆಲಿಕಲ್ಲು ಬಿದ್ದಿತು. ಹತ್ತಿ ತುಂಬಿದ ಜಾಕೆಟ್ಟುಗಳೆಲ್ಲ ನೀರು ಕುಡಿದು ಗೋಣಿಚೀಲಗಳಾದವು. ಕಂಬಳಿಗೆ ನೀರು ಇಳಿಯುವುದೇ? ಒಬ್ಬೊಬ್ಬರೇ ಸರಿದು ಬಂದರು. ಕೊನೆಗೆ ಕೋಚ್ ಕೂಡ ಬೇರೆ ಕಡೆ ನೋಡುತ್ತ ಒಂದು ಅಂಚು ಎಳೆದುಕೊಂಡರು. ಆದರೆ ಇವಳದೊಂದು ಕಟ್ಟುನಿಟ್ಟು. ನಮ್ಮಲ್ಲಿ ಕಂಬಳಿಗೆ ಯಾವ ಮೈಲಿಗೆಯೂ ಇಲ್ಲ, ಯಾರು ಬೇಕಾದರೂ ಹೊದೆಯಬಹುದು, ಆದರೆ ಕಾಲ್ಮೆಟ್ಟು ತಾಗಬಾರದು. ಅದಕ್ಕೇ ಭಾರತ ತಂಡದ ಆರು ಮಂದಿ ಬದಲಿ ಆಟಗಾರ್ತಿಯರು, ಒಬ್ಬ ಕೋಚ್, ಏಳೂ ಮಂದಿ ಬೂಟುಗಾಲನ್ನು ಮುಂದಕ್ಕೆ ನೀಟಾಗಿ ಚಾಚಿಕೊಂಡು ಒಂದೇ ಕಂಬಳಿಯೊಳಗೆ ಕುಳಿತಿದ್ದನ್ನು ಟಿ.ವಿ.ಯವರು ಮತ್ತೆ ಮತ್ತೆ ತೋರಿಸಿದರು. ಆಟಕ್ಕಿಂತ ಅದನ್ನೇ ಹೆಚ್ಚು ತೋರಿಸಿದರು ಎಂದರೂ ತಪ್ಪಿಲ್ಲ.

ನನಗೆ ಮಾತ್ರ ಆ ಕಂಬಳಿ ಬೇರೆ ಕಾರಣಕ್ಕೆ ಹಿತವಾಗಿತ್ತು. ಹೊರಡುವ ಮುಂಚೆ ಅವಳು ಹೇಳಿದ್ದಳು: "ಮಾಮಾ, ಅಂಗಿ ಬೆನ್ನ ಮ್ಯಾಲ ಅಡ್ಡಹೆಸರ ಹಾಕ್ತಾರ, ಇಷ್ಟಿಷ್ಟ ದೊಡ್ಡ ಅಕ್ಷರ." ಅಂದರೆ ನನ್ನ ಹತ್ತು ವರ್ಷದ ಕಳ್ಳತನ ಇಡೀ ಜಗತ್ತಿಗೆ, ಇಷ್ಟಿಷ್ಟು ದೊಡ್ಡದಾಗಿ! ಆದರೆ ನೋಡಿ, ಭಾವನ ಕಂಬಳಿ ಆ ಬೆನ್ನನ್ನು ಮುಚ್ಚಿಕೊಂಡು ಕುಳಿತಿತ್ತು. ಅಪ್ಪನ ಕಂಬಳಿ ಮೇಲೆ, ಮಾಮನ ಹೆಸರು ಒಳಗೆ. ಅವಳು ಆಡಲಿ ಎಂದು ದೇವರಿಗೆ ಕಾಯಿ ಒಡೆಯುತ್ತಿದ್ದೆ, ಆಡದಿದ್ದರೂ ನಡೆಯುತ್ತದೆ ಎಂದು ಕಾಯಿಯ ಚೂರು ತಿನ್ನುತ್ತಿದ್ದೆ.

ಕೊನೆಯ ಪಂದ್ಯ ಮಧ್ಯಾಹ್ನಕ್ಕಿತ್ತು. ಅಕ್ಕ ಭಾವನ ಜೊತೆಗೇ ಕುಳಿತು ನೋಡಬೇಕೆಂದು ಮಷೀನು ಬಂದ್ ಮಾಡಿ, ಖಾನಾಪುರದಲ್ಲಿ ಬಸ್ಸು ಬದಲಿಸಿ ಬೀಡಿಗೆ ಹೋದೆ. ಬಾಜೂಮನೆಯ ಕಾಕಾ ತಮ್ಮ ಟಿ.ವಿ.ಯನ್ನೇ ತಂದು ಭಾವನ ಕಟ್ಟೆಯ ಮೇಲೆ ಇಟ್ಟಿದ್ದರು. ಹಿಂದೆಯೇ ದೊಡ್ಡಿ, ದೊಡ್ಡಿಯಲ್ಲಿ ನಲವತ್ತು ಕುರಿ. ಆ ದಿನ ಮೇಯಲು ಬಿಟ್ಟಿರಲಿಲ್ಲ. ಆಟ ಶುರುವಾಯಿತು.

"ಆಪಲಿ ಪೋರಗಿ ಕುಠಾಯ?" ಎಂದು ಕಾಕಾ ಮರಾಠಿಯಲ್ಲಿ ಕೇಳಿದರು. ನಮ್ಮ ಹುಡುಗಿ ಎಲ್ಲಿ?

"ಅದೇ ಕಂಬಳಿ," ಎಂದೆ.

"ಕಂಬಳಿ ದಿಸತೆ. ಪೋರಗಿ?" ಕಂಬಳಿ ಕಾಣುತ್ತದೆ, ಹುಡುಗಿ?

"ಕಂಬಳಿ ಒಳಗದಾಳ್ರೀ ಕಾಕಾ!"

ಭಾವ ಟಿ.ವಿ. ನೋಡುತ್ತಿದ್ದ. ಅವನಿಗೆ ಫುಟ್‌ಬಾಲಿನ ಕಾಯ್ದೆ ಒಂದೂ ಗೊತ್ತಿಲ್ಲ. ನಮ್ಮವರು ಒಂದು ಗೋಲು ಹೊಡೆದರು, ಅವರೂ ಒಂದು ಹೊಡೆದರು, ಭಾವನ ಮುಖ ಹಾಗೇ ಇತ್ತು. ಇನ್ನು ಇಪ್ಪತ್ತು ನಿಮಿಷ ಉಳಿದಿತ್ತು. ಇದ್ದಕ್ಕಿದ್ದಂತೆ ಭಾವ, "ನಮ್ಮವು ಹನ್ನೊಂದ ಹೊಂಟಿದ್ದೂ. ಹತ್ತ ಕಾಣ್ತಾವ," ಎಂದ.

"ಇಲ್ರೀ, ಹನ್ನೊಂದ ಇರ್ತಾರ."

"ಹತ್ತ ಅದಾವ. ಒಂದು ಬಿದ್ದೈತಿ."

ನಾನು ನಗುವಷ್ಟರಲ್ಲಿ ಕ್ಯಾಮೆರಾ ತಿರುಗಿತು. ಗೋಲಿನ ಮುಂದೆ ನಮ್ಮ ಮೊದಲನೆಯ ಗೋಲ್‌ಕೀಪರ್ ಕಾಲು ಹಿಡಿದುಕೊಂಡು ಬಿದ್ದಿದ್ದಳು! ಅಷ್ಟು ದೊಡ್ಡ ಕಾಮೆಂಟ್ರಿಯವರಿಗೆ ತಿಳಿಯುವ ಮೊದಲೇ ಬೀಡಿಯ ಕಟ್ಟೆಯ ಮೇಲಿನ ಮನುಷ್ಯನಿಗೆ ತಿಳಿದಿತ್ತು. ಐವತ್ತು ವರ್ಷ ಎಣಿಸಿದ ಕಣ್ಣು, ಸುಮ್ಮನೆಯೇ?

ಬೆಂಚಿನ ಮೇಲಿನ ಕಂಬಳಿ ಎದ್ದು ನಿಂತಿತು. ಅಕ್ಕ ಸೆರಗಿನ ತುದಿ ಬಾಯಲ್ಲಿ ಹಿಡಿದಳು. ಬೇರೆ ಯಾರೇ ಆಗಿದ್ದರೂ ಕಂಬಳಿ ಕಿತ್ತೆಸೆದು ಮೈದಾನಕ್ಕೆ ಓಡುತ್ತಿದ್ದರು. ಇವಳು? ಮೊದಲು ಉದ್ದಕ್ಕೆ ಹಿಡಿದು ಝಾಡಿಸಿದಳು. ಎರಡು ಮಡಿಕೆ ಮಾಡಿದಳು. ಅಂಚಿಗೆ ಅಂಚು ಕೂಡದಿದ್ದುದಕ್ಕೆ ಬಿಚ್ಚಿ ಮತ್ತೆ ಮಡಚಿದಳು. ನಾಲ್ಕು ಮಡಿಕೆಯಾದ ಮೇಲೆ ಬೆಂಚಿನ ಮೇಲಿಟ್ಟು, ಮುಟ್ಟಿ ಹಣೆಗೊತ್ತಿಕೊಂಡು, ಆಮೇಲೆ ಹೊರಟಳು. ನಂಬರಿನ ಹಲಗೆ ಹಿಡಿದವನು ಹಿಡಿದೇ ನಿಂತಿದ್ದ, ರೆಫ್ರಿ ಗಡಿಯಾರ ನೋಡುತ್ತಿದ್ದ. ಕಂಬಳಿ ಮಡಚಿ ಮುಗಿಯಲಿ ಎಂದು ಅಂತರರಾಷ್ಟ್ರೀಯ ಪಂದ್ಯ ಕಾದು ನಿಂತ ಇನ್ನೊಂದು ಉದಾಹರಣೆ ಇದ್ದರೆ ನನಗೆ ತೋರಿಸಿ!

ಕಾರ್ನರ್ ಇತ್ತು. ಎದುರಿನವರು ಎತ್ತರದ ಹೆಣ್ಣುಮಕ್ಕಳು, ಗೋಲಿನ ಮುಂದೆ ಮುತ್ತಿಕೊಂಡು ನಿಂತರು. ನಮ್ಮ ನಾಲ್ವರು ರಕ್ಷಕಿಯರು ನಾಲ್ಕು ರಾಜ್ಯದವರು, ನಾಲ್ಕು ಭಾಷೆ. ಅವರಿಗೆ ಇವಳು ಅಭ್ಯಾಸದಲ್ಲೇ ಬೀಡಿಯ ಕುರಿ ಭಾಷೆ ಕಲಿಸಿಬಿಟ್ಟಿದ್ದಳು. "ಹೈಕ್" ಎಂದರೆ ಹರಡಿಕೊಳ್ಳಿ, "ಟುರ್ರ್ರ್" ಎಂದರೆ ಓಡಿ ಬಂದು ನನ್ನ ಸುತ್ತ ಕೂಡಿಕೊಳ್ಳಿ. ಚಂಡು ಮೇಲೆ ಬಂತು. ಇವಳು ಗಂಟಲು ಹರಿಯುವಂತೆ ಕೂಗಿದಳು:

"ಟುರ್ರ್ರ್ರ್ರ್! ಟುರ್ರ್ರ್ರ್ರ್!"

ಟಿ.ವಿ.ಯಲ್ಲಿ ನಾಲ್ವರೂ ಓಡಿ ಬಂದು ಕೂಡಿಕೊಂಡರು. ಸರಿ. ಆದರೆ ಬೀಡಿಯಲ್ಲಿ ಏನಾಯಿತು ಕೇಳಿ! ಹಿಂದಿನ ದೊಡ್ಡಿಯಲ್ಲಿ ಮಲಗಿದ್ದ ನಲವತ್ತೂ ಕುರಿಗಳು ಒಮ್ಮೆಲೇ ಎದ್ದು, ಬಾಗಿಲಿಗೆ ಅಡ್ಡವಿದ್ದ ಬಿದಿರು ಮುರಿದು, "ಬ್ಯಾ" ಎಂದು ಕಟ್ಟೆಗೆ ನುಗ್ಗಿದವು! ಕಾಕಾ ಟಿ.ವಿ.ಯನ್ನು ಅಪ್ಪಿಕೊಂಡು "ಅರೇ ದೇವಾ!" ಎಂದು ಕಿರುಚಿದರು. ಅಕ್ಕನ ಕೈಯಲ್ಲಿದ್ದ ಚಹಾದ ತಾಟು ಹಾರಿತು. ಒಂದು ಹಳೇ ಟಗರು ಪರದೆಗೆ ಮೂಗು ತಾಗಿಸಿ ನಿಂತುಬಿಟ್ಟಿತು. ಅದರ ಕೊಂಬುಗಳ ನಡುವಿನ ಸಂದಿಯಲ್ಲಿ ನಾನು ಕಂಡದ್ದು ಇಷ್ಟೇ: ನಮ್ಮವಳು ಬಲಕ್ಕೆ ಬಿದ್ದು ಚಂಡನ್ನು ಎದೆಗವಚಿಕೊಂಡಿದ್ದಳು, ಥೇಟ್ ಕುರಿಮರಿಯಂತೆ.

ಆಮೇಲೆ ಅವಳು ಇನ್ನೂ ಎರಡು ಸಲ ಹಿಡಿದಳು, ಎರಡು ಸಲ ಕೂಗಿದಳು. ಪ್ರತಿ ಸಲವೂ ನಾವು ಕುರಿಗಳೊಡನೆ ಕುಸ್ತಿ ಹಿಡಿದೆವು. ಪಂದ್ಯ ಒಂದಕ್ಕೊಂದು ಸಮ ಆಯಿತು. ಅಷ್ಟಕ್ಕೇ ಹುಡುಗಿಯರೆಲ್ಲ ಅವಳನ್ನು ಎತ್ತಿ ಕುಣಿದರು.

ಕುಣಿತ ಮುಗಿದು ಅವಳು ಬೆಂಚಿನ ಕಡೆ ನಡೆಯತೊಡಗಿದಳು, ಕ್ಯಾಮೆರಾ ಹಿಂದಿನಿಂದಲೇ. ಬೆನ್ನು ಪರದೆಯ ತುಂಬ. ಅಕ್ಷರ ಇಷ್ಟಿಷ್ಟು ದೊಡ್ಡವು.

"ತಮ್ಮಾ," ಎಂದ ಭಾವ. "ಬೆನ್ನ ಮ್ಯಾಲ ಏನ ಬರದಾರ?"

"ಇಪ್ಪತ್ತೊಂದ್ರಿ. ಆಕಿ ನಂಬರ."

"ನಂಬರ ನನಗ ತಿಳೀತೈತಿ. ಅದರ ಮ್ಯಾಲಿಂದು ಕೇಳೇನಿ."

"ಭಾರತ" ಎಂದು ಹೇಳಿಬಿಡಬಹುದಿತ್ತು. ಅಲ್ಲಿ ಇಂಗ್ಲಿಷ್ ಓದುವವರು ನನ್ನನ್ನೂ ಕಾಕಾರನ್ನೂ ಬಿಟ್ಟು ಯಾರೂ ಇರಲಿಲ್ಲ, ಕಾಕಾ ಕನ್ನಡಕ ಹುಡುಕುತ್ತಿದ್ದರು. ಆದರೆ ಭಾವನಪ್ಪನ ಕಂಬಳಿಯನ್ನು ಅವಳು ಮಡಚಿದ್ದನ್ನು ಈಗಷ್ಟೇ ನೋಡಿದ್ದೆನಲ್ಲ. ಓದಿದೆ. ನನ್ನ ಅಡ್ಡಹೆಸರನ್ನೇ, ನನ್ನ ಬಾಯಿಂದಲೇ, ಕಳ್ಳತನದ ಮಾಲಿನ ಹೆಸರು ಹೇಳಿದಂತೆ ಓದಿದೆ.

"ನನ್ನ ತಪ್ಪರೀ ಭಾವಾ. ಸಾಲಿ ಫಾರ್ಮಿನ್ಯಾಗ ನಾನ ಬರದೆ. ಗೊತ್ತಾದ ಮ್ಯಾಲೂ ತಿದ್ದಸಲಿಲ್ಲ. ನಿಮ್ಮ ಮನೆತನದ ಹೆಸರು..."

ಭಾವ ಎದ್ದ. ಟಗರಿನ ಕಿವಿ ಹಿಡಿದು ಟಿ.ವಿ.ಯಿಂದ ಈಚೆ ಎಳೆದ. ಕಿವಿಯ ಮೇಲಿದ್ದ ಸಣ್ಣ ಕಚ್ಚನ್ನು ಬೆರಳಿನಿಂದ ತೋರಿಸಿದ.

"ಟಗರ ನಂದ, ಈ ಕಚ್ಚ ನಂದಲ್ಲ. ಕಿವ್ಯಾಗ ನೋಡ, ಗುರುತ ಬ್ಯಾರೇದೈತಿ. ಮರಿ ಇದ್ದಾಗ ಪಾಲಿಗೆ ಬಿಟ್ಟಿದ್ದೆ. ಮೇಯಸೂ ಹಟ್ಟಿಯವ್ರು ತಮ್ಮ ಗುರುತ ಹಾಕತಾರ. ಯಾಕ ಹೇಳ?"

ಕುರಿಯ ವಿದ್ಯೆಯಲ್ಲಿ ನಾನು ಮರೆತ ಅರ್ಧದಲ್ಲಿ ಇದೂ ಸೇರಿತ್ತು.

"ದಾರಿ ತಪ್ಪಿತಂದ್ರ, ಸಿಕ್ಕಾವ ಗುರುತ ನೋಡಿ ಅದೇ ಹಟ್ಟಿಗೆ ತಂದ ಬಿಡ್ತಾನ. ಇಷ್ಟ ದೂರ ಪರದೇಶಕ್ಕ ಹೋಗ್ಯಾಳ. ಗುರುತ ಇರಲಿ ಬಿಡು." ಟಗರಿನ ಬೆನ್ನು ತಟ್ಟಿ ದೊಡ್ಡಿಗೆ ಕಳಿಸಿದ. "ಆಕಿ ಹೇಳಿ ಭಾಳ ವರ್ಷ ಆದೂ ನನಗ. 'ಮಾಮಾಗ ಹೇಳಬ್ಯಾಡಪಾ, ಅಂವಗ ನಾಚಿಕಿ ಆಗತೈತಿ' ಅಂದಿದ್ಲು. ಇವತ್ತು ನಿನ್ನ ಬಾಯಿಂದ ಕೇಳೂಣು ಅನಸ್ತು, ಅಷ್ಟ."

ನೋಡಿದಿರಾ? ಅಪ್ಪ ಮಗಳು ಕೂಡಿ ನನಗಿಂತ ದೊಡ್ಡ ಕಳ್ಳರು!

ಎಂಟು ದಿನದ ಮೇಲೆ ಅವಳು ಬೆಳಗಾವಿಗೆ ಬಂದಿಳಿದಳು. ಹಾರ ಹಿಡಿದವರು, ಫೋಟೋದವರು ಎಲ್ಲ ಇದ್ದರು. ಅವರನ್ನೆಲ್ಲ ದಾಟಿ ಮೊದಲು ಬೀಡಿಗೆ ಹೋಗುತ್ತಾಳೆಂದು ನಾನು ತಿಳಿದು ವರ್ಕ್‌ಶಾಪಿನಲ್ಲೇ ಇದ್ದೆ. ಅರ್ಜೆಂಟಿನ ಒಂದು ಶಾಫ್ಟು ಲೇಥಿಗೆ ಕಟ್ಟಿದ್ದೆ, ಕೊನೆಯ ಕಟ್ ನಡೆದಿತ್ತು. ಹೊರಗೆ ಆಟೋ ನಿಂತ ಸದ್ದು. ಬಾಗಿಲಲ್ಲಿ ಅವಳು, ಕಂಕುಳಲ್ಲಿ ಕಂಬಳಿ.

"ಇಲ್ಲಿಗ್ಯಾಕ ಬಂದಿ? ಅಪ್ಪ ದಾರಿ ನೋಡ್ತಿರ್ತಾನ. ಕಂಬಳಿ ತಿರುಗಿ ಕೊಡಬೇಕಿಲ್ಲ?"

"ಫೋನ್ ಹಚ್ಚಿದ್ದೆ. ಪಾಲು ಮುಗೀತಂತ, ಎಲ್ಲಿ ಕೊಡಬೇಕ ಅಂತ ಅಂವನ ಹೇಳ್ಯಾನ."

ಹತ್ತಿರ ಬಂದು ನಾಲ್ಕು ಮಡಿಕೆಯನ್ನು ಬಿಚ್ಚಿ ನನ್ನ ಹೆಗಲ ಮೇಲೆ ಹೊದಿಸಿದಳು.

"ಏ, ಮೈಯೆಲ್ಲ ಎಣ್ಣಿ ಐತಿ, ಬ್ಯಾಡ!"

"ಕಂಬಳಿಗಿ ಮೈಲಿಗಿಲ್ಲ ಮಾಮಾ," ಎಂದಳು.

ಉಣ್ಣೆಗೆ ಕುರಿಯ ವಾಸನೆ ಹಾಗೇ ಇತ್ತು. ಕೈಯಲ್ಲಿ ಮಾಪಕ ಹಿಡಿದುಕೊಂಡು ಅಳತೆಯ ಗೆರೆ ಹುಡುಕಿದೆ, ಒಂದೂ ಕಾಣಲಿಲ್ಲ, ಎಲ್ಲ ಮಂಜು ಮಂಜು. ಲೇಥ್ ತಿರುಗುತ್ತಲೇ ಇತ್ತು, ಶಾಫ್ಟು ಅಳತೆ ಮೀರಿ ಸವೆಯಿತು. ಮೂವತ್ತೆರಡು ವರ್ಷದಲ್ಲಿ ನಾನು ಕೆಡಿಸಿದ ಒಂದೇ ಒಂದು ಜಾಬು ಈಗಲೂ ನನ್ನ ಟೇಬಲ್ಲಿನ ಮೇಲಿದೆ. ಗಿರಾಕಿಗಳು ಕೇಳಿ ನಗುತ್ತಾರೆ. ನಾನು ಅದನ್ನು ಒರೆಸಿ ಅಲ್ಲಿಯೇ ಇಡುತ್ತೇನೆ.